ಮನೆ ಸರ್ವರ್ ಕಟ್ಟುವ ಬಗೆ: ಕರೆಂಟ್ ಹೋದರೂ, ನೆಟ್ ಹೋದರೂ ನಡೆಯುವ ಸ್ಮಾರ್ಟ್ ಹೋಮ್

ಸ್ಮಾರ್ಟ್ ಹೋಮ್ ಅಂದರೆ ಕೂಗಿದರೆ ಹತ್ತುವ ಬಲ್ಬು ಅಂತ ಜಾಹೀರಾತುಗಳು ನಮಗೆ ಹೇಳಿಕೊಟ್ಟಿವೆ. ನಮ್ಮ ಕಡೆಯ ಮನೆಗಳ ತಲೆನೋವೇ ಬೇರೆ. ಸಂಪಿಗೆ ನೀರು ಯಾವ ಹೊತ್ತಿಗೆ ಬಂತು? ಟ್ಯಾಂಕ್ ತುಂಬಿ ತಾರಸಿ ಮೇಲೆ ಹರೀತಾ ಇದೆಯೇ? ಗೀಸರ್ ಆಫ್ ಮಾಡಿ ಬಂದೆವೋ ಇಲ್ಲವೋ? ಎಲ್ಲರ ಫೋನೂ ಫೋಟೊಗಳಿಂದ ತುಂಬಿದೆ, ಎಲ್ಲಿ ಸುರಿಯುವುದು? ಇವಕ್ಕೆಲ್ಲ ಉತ್ತರ ಕೊಡುವ ಒಂದು ಪುಟ್ಟ ಸರ್ವರನ್ನು, ಅಂದರೆ ಹಗಲೂ ರಾತ್ರಿ ಓಡುವ ಕಂಪ್ಯೂಟರನ್ನು, ಮನೆಯಲ್ಲೇ ಕಟ್ಟಿಕೊಳ್ಳುವ ದಾರಿ ಇಲ್ಲಿದೆ. ಲಿನಕ್ಸ್ ಪಾಂಡಿತ್ಯ ಬೇಕಿಲ್ಲ. ಪೆನ್‌ಡ್ರೈವಿನಿಂದ ಆಪರೇಟಿಂಗ್ ಸಿಸ್ಟಂ ಹಾಕಿ ಗೊತ್ತಿದ್ದರೆ ಸಾಕು.

ಕೈಹಾಕುವ ಮುಂಚೆ ಎರಡು ಷರತ್ತು ಹಾಕಿಕೊಳ್ಳಿ. ಸರ್ವರ್ ಕೆಟ್ಟು ಕೂತಿದ್ದರೂ ಗೋಡೆಯ ಸ್ವಿಚ್ ಒತ್ತಿದರೆ ಲೈಟ್ ಹತ್ತಬೇಕು, ಮೋಟರ್ ಓಡಬೇಕು. ಇಂಟರ್ನೆಟ್ ಹೋಗಿದ್ದರೂ ಮನೆಯೊಳಗಿನ ಆಟೊಮೇಷನ್ ನಡೆಯಬೇಕು. ಕೊಳ್ಳುವ ಯಾವ ವಸ್ತುವಾದರೂ ಇವೆರಡರಲ್ಲಿ ಒಂದಕ್ಕೆ ತಪ್ಪಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅತ್ತೆಯವರಿಗೆ ಬಾತ್‌ರೂಮ್ ಲೈಟ್ ಹಾಕಲು ಆ್ಯಪ್ ಬೇಕು ಅಂತಾದರೆ ಆ ಪ್ರಾಜೆಕ್ಟ್ ಅಂದೇ ಮುಗಿಯಿತು.

1. ಯಂತ್ರ

ಎಲ್ಲರೂ ಮೊದಲು ಹೇಳುವುದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಬರೀ ಆಟೊಮೇಷನ್‌ಗಾದರೆ ಅದು ಸಾಕು. ಆದರೆ ಪೈ 5ಕ್ಕೆ 27 ವ್ಯಾಟಿನ ಅದರದ್ದೇ ಅಡಾಪ್ಟರ್, ಎಸ್‌ಎಸ್‌ಡಿ, ಕೇಸು, ಫ್ಯಾನ್ ಎಲ್ಲ ಸೇರಿಸುವ ಹೊತ್ತಿಗೆ ಬಿಲ್ ಬೆಳೆದಿರುತ್ತದೆ. ಮೆಮೊರಿ ಕಾರ್ಡಿನಲ್ಲೇ ನಡೆಸಿದರೆ ದಿನವಿಡೀ ಬರೆಯುವ ಡೇಟಾಬೇಸ್ ಆ ಕಾರ್ಡನ್ನು ಬೇಗ ಸವೆಸುತ್ತದೆ. ನನ್ನ ಓಟು ಕಚೇರಿಗಳಿಂದ ಹೊರಬಿದ್ದ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿಗೆ: ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ. 8ನೇ ತಲೆಮಾರಿನ ಐ5, ಅದರಲ್ಲೂ ಹೆಸರಿನ ಕೊನೆಗೆ ‘ಟಿ’ ಇರುವ 8500ಟಿ ಥರದ್ದು, 35 ವ್ಯಾಟ್ ದರ್ಜೆಯದು. ವಿಡಿಯೊ ಪರಿವರ್ತಿಸುವ ಕೆಲಸವನ್ನೂ ಅದರ ಗ್ರಾಫಿಕ್ಸೇ ಮಾಡುತ್ತದೆ. 16 ಜಿಬಿ ರ್‍ಯಾಮ್ ಇರಲಿ. ಎಸ್‌ಎಸ್‌ಡಿ ಹೊಸದು ಹಾಕಿಸಿ, ಹಳೆಯದನ್ನು ನಂಬಬೇಡಿ. ಕೊಳ್ಳುವಾಗ ಅಲ್ಲೇ ಆನ್ ಮಾಡಿಸಿ ಬಯಾಸ್‌ಗೆ (ಆನ್ ಮಾಡಿದೊಡನೆ ಹೋಗಬಹುದಾದ ಮೂಲ ಸೆಟ್ಟಿಂಗ್ ಪುಟಕ್ಕೆ) ಪಾಸ್‌ವರ್ಡ್ ಇಲ್ಲ ಅಂತ ನೋಡಿಕೊಳ್ಳಿ. ಅಡಾಪ್ಟರ್ ಆ ಕಂಪನಿಯದ್ದೇ ಇರಬೇಕು.

ಕರೆಂಟ್ ಲೆಕ್ಕ: ಸರಾಸರಿ 15 ವ್ಯಾಟ್ ಎಳೆದರೆ ತಿಂಗಳಿಗೆ 10.8 ಯೂನಿಟ್. ಯೂನಿಟ್ಟಿಗೆ ಆರೇಳು ರೂಪಾಯಿ ಅಂದುಕೊಂಡರೂ ನೂರು ದಾಟುವುದಿಲ್ಲ. ಗೃಹಜ್ಯೋತಿಯಲ್ಲಿರುವವರು ಮಾತ್ರ ಎರಡು ಸಲ ಯೋಚಿಸಿ. 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು, ಅಂಚಿನಲ್ಲಿರುವ ಮನೆಗೆ ಆ 11 ಯೂನಿಟ್ ದುಬಾರಿಯಾಗಿಬಿಡಬಹುದು.

ಬಯಾಸ್‌ನಲ್ಲಿ ಮರೆಯದೆ ಎರಡು ಬದಲಾಯಿಸಿ. ಒಂದೇ ಯಂತ್ರದೊಳಗೆ ಹಲವು ಯಂತ್ರ ನಡೆಸಲು ಬೇಕಾದ ವರ್ಚುವಲೈಸೇಷನ್ ಆನ್ ಆಗಲಿ. ಕರೆಂಟ್ ವಾಪಸ್ ಬಂದಾಗ ಯಂತ್ರ ತಾನಾಗಿ ಏಳುವ ‘ಎಸಿ ರಿಕವರಿ’ ಆಯ್ಕೆಯೂ ಆನ್ ಆಗಲಿ. ಈ ಎರಡನೆಯದನ್ನು ಬಿಟ್ಟರೆ, ನೀವು ಊರಿಗೆ ಹೋದಾಗ ಕರೆಂಟ್ ಹೋಗಿ ಬಂದರೂ ಸರ್ವರ್ ಮಲಗೇ ಇರುತ್ತದೆ.

2. ಯುಪಿಎಸ್

ಮನೆಗೆ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಿ. ಸಾದಾ ಮೋಡ್‌ನಲ್ಲಿ ಬದಲಾಗುವ ಗಳಿಗೆ ಉದ್ದವಾಗಿ ಯಂತ್ರ ರೀಸ್ಟಾರ್ಟ್ ಆಗಬಹುದು. ಇನ್ವರ್ಟರ್ ಇಲ್ಲದಿದ್ದರೆ 600 ವಿಎ ಯುಪಿಎಸ್ ಸಾಕು, ಆದರೆ ಯುಎಸ್‌ಬಿ ಪೋರ್ಟ್ ಇರುವುದನ್ನೇ ತಗೊಳ್ಳಿ. ಆಗ ನಟ್ ಎಂಬ ತಂತ್ರಾಂಶ ಬ್ಯಾಟರಿ ಕುಸಿದಾಗ ಸರ್ವರನ್ನು ಮರ್ಯಾದೆಯಿಂದ ಆಫ್ ಮಾಡುತ್ತದೆ. ರೂಟರ್‌ಗೂ ಫೈಬರ್ ಡಬ್ಬಿಗೂ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಬೇರೆ ಇದ್ದರೆ ಒಳ್ಳೆಯದು.

3. ವಿಳಾಸ

ರೂಟರ್‌ನ ಒಳಗೆ ಹೋಗಿ ಮನೆಯ ನೆಟ್‌ವರ್ಕನ್ನು 192.168.1ರಿಂದ ಬೇರೆ ಯಾವುದಕ್ಕಾದರೂ ಬದಲಿಸಿ, ಉದಾಹರಣೆಗೆ 192.168.37. ಯಾಕೆಂದರೆ ಮುಂದೆ ಹೊರಗಿನಿಂದ ಮನೆಗೆ ಸೇರುವಾಗ, ನೀವು ಕೂತ ಜಾಗದ ವೈಫೈ ಕೂಡ 192.168.1 ಆಗಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಇದನ್ನು ಮೊದಲ ದಿನವೇ ಮಾಡಿದರೆ ಐದು ನಿಮಿಷದ ಕೆಲಸ. ಸರ್ವರ್‌ಗೆ ಡಿಎಚ್‌ಸಿಪಿ ರಿಸರ್ವೇಷನ್ ಕೊಟ್ಟು ವಿಳಾಸ ಕಾಯಂ ಮಾಡಿ. ಸರ್ವರ್ ರೂಟರ್‌ಗೆ ಕೇಬಲ್ಲಿನಲ್ಲೇ ಸೇರಬೇಕು, ವೈಫೈ ಬೇಡ.

4. ಪ್ರಾಕ್ಸ್‌ಮಾಕ್ಸ್, ಅದರ ಮೇಲೆ ಹೋಮ್ ಅಸಿಸ್ಟೆಂಟ್

ಒಂದೇ ಯಂತ್ರದಲ್ಲಿ ಹಲವು ಯಂತ್ರಗಳನ್ನು ನಡೆಸಲು ಪ್ರಾಕ್ಸ್‌ಮಾಕ್ಸ್ ಹಾಕಿ. ಇದು ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ ಉಚಿತ ವ್ಯವಸ್ಥೆ. ಪೆನ್‌ಡ್ರೈವಿನಿಂದ ಹಾಕಿದ ಮೇಲೆ ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಬೇಕಿಲ್ಲ. ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಸರ್ವರ್ ವಿಳಾಸದ 8006ನೇ ಪೋರ್ಟ್ ತೆರೆದರೆ ಎಲ್ಲ ಅಲ್ಲೇ ಇರುತ್ತದೆ. ಮೊದಲ ಅಪ್‌ಡೇಟ್ ಒತ್ತಿದಾಗ ಎರರ್ ಬರುತ್ತದೆ, ಗಾಬರಿ ಬೇಡ. ಅದು ಹಣ ಕಟ್ಟಿದವರ ಭಂಡಾರಕ್ಕೆ ಬಾಗಿಲು ತಟ್ಟುತ್ತಿರುತ್ತದೆ. ರೆಪಾಸಿಟರಿ ಪುಟದಲ್ಲಿ ಎಂಟರ್‌ಪ್ರೈಸ್ ಅನ್ನು ನಿಲ್ಲಿಸಿ ‘ನೋ ಸಬ್‌ಸ್ಕ್ರಿಪ್ಷನ್’ ಸೇರಿಸಿದರೆ ಸರಿಹೋಗುತ್ತದೆ.

ಈಗ ಎರಡು ವರ್ಚುವಲ್ ಯಂತ್ರ ಮಾಡಿ. ಒಂದು, ಮನೆಯ ಉಪಕರಣಗಳನ್ನೆಲ್ಲ ನಡೆಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್‌ನ ಓಎಸ್‌ಗೆ: 2 ಕೋರ್, 4 ಜಿಬಿ ರ್‍ಯಾಮ್, 32 ಜಿಬಿ ಡಿಸ್ಕ್. ಇನ್ನೊಂದು ಡೆಬಿಯನ್, ಅದರೊಳಗೆ ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ನಡೆಸುವ ಡಾಕರ್: 8 ಜಿಬಿ ರ್‍ಯಾಮ್. ಹೀಗೆ ಬೇರೆ ಮಾಡಿದರೆ ಫೋಟೊ ಸರ್ವರ್ ಜೊತೆ ಎಷ್ಟು ಆಟವಾಡಿದರೂ ಮೋಟರ್ ನೋಡಿಕೊಳ್ಳುವ ಯಂತ್ರಕ್ಕೆ ಏನೂ ಆಗದು.

ಹೋಮ್ ಅಸಿಸ್ಟೆಂಟನ್ನು 2013ರಲ್ಲಿ ಪೌಲಸ್ ಸ್ಖೌಟ್ಸನ್ ಶುರುಮಾಡಿದರು. 2024ರಿಂದ ಅದು ಓಪನ್ ಹೋಮ್ ಫೌಂಡೇಷನ್ ಎಂಬ ಸಂಸ್ಥೆಯ ಸ್ವತ್ತು. ಯಾವ ಕಂಪನಿಯೂ ಕೊಂಡು ಮುಚ್ಚಿಬಿಡಲಾಗದ ವ್ಯವಸ್ಥೆ ಎಂಬುದೇ ನಾನು ಇದನ್ನು ಆರಿಸಲು ಮೊದಲ ಕಾರಣ. ಯಂತ್ರ ಎದ್ದ ಮೇಲೆ 8123ನೇ ಪೋರ್ಟ್ ತೆರೆಯಿರಿ, ಖಾತೆ ಮಾಡಿ, ಮನೆಯ ಜಾಗ ಗುರುತಿಸಿ. ಟಿವಿ, ಪ್ರಿಂಟರ್ ಮುಂತಾದವನ್ನು ಅದೇ ಹುಡುಕಿ ತೋರಿಸುತ್ತದೆ. ಎಲ್ಲವನ್ನೂ ಸೇರಿಸುವ ಆಸೆಗೆ ಬೀಳಬೇಡಿ, ನಾಳೆ ಪಟ್ಟಿಯಲ್ಲಿ ಬೇಕಾದ್ದೇ ಸಿಗುವುದಿಲ್ಲ.

ಇದರ ದಾಖಲೆ ಪುಸ್ತಕ ವಿವರವಾದ ಇತಿಹಾಸವನ್ನು 10 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಗಂಟೆಗೊಂದರಂತೆ ಬರೆದ ಅಂಕಿಅಂಶ ಮಾತ್ರ ಉಳಿದೇ ಇರುತ್ತದೆ. ಹಾಗಾಗಿ ನೀರು, ಕರೆಂಟ್ ಲೆಕ್ಕಗಳನ್ನು ಅಂಕಿಅಂಶವಾಗಿ ಉಳಿಯುವಂತೆ ಮಾಡಿ. ಮುಂದಿನ ಬೇಸಿಗೆಯಲ್ಲಿ ಹಿಂದಿನದರ ಜೊತೆ ಹೋಲಿಸಲು ಅದೇ ಬೇಕಾಗುವುದು.

5. ಜಿಗ್‌ಬೀ

ಸೆನ್ಸರ್‌ಗಳನ್ನು ಜಿಗ್‌ಬೀ ಎಂಬ ನಿಸ್ತಂತು ಸಂಪರ್ಕದವನ್ನೇ ತಗೊಳ್ಳಿ. ಬ್ಯಾಟರಿ ಬಹುಕಾಲ ಬರುತ್ತದೆ, ಇಂಟರ್ನೆಟ್ ಬೇಡ, ವೈಫೈಗೆ ಹೊರೆಯಿಲ್ಲ. ವಿದೇಶದಿಂದ ಯಾರಾದರೂ ಅಂಥದ್ದೇ ಇನ್ನೊಂದು ಸಂಪರ್ಕವಾದ ಝಡ್-ವೇವ್ ಉಪಕರಣ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಮೆರಿಕದ ಝಡ್-ವೇವ್ ಬೇರೆ ತರಂಗದಲ್ಲಿ ಮಾತಾಡುತ್ತದೆ, ಭಾರತದಲ್ಲಿ ಅದಕ್ಕೆ ಇರುವುದು 865–867 ಮೆಗಾಹರ್ಟ್ಸ್. ಜಿಗ್‌ಬೀ ಎಲ್ಲ ಕಡೆಯೂ 2.4 ಗಿಗಾಹರ್ಟ್ಸ್, ಆ ತಾಪತ್ರಯವಿಲ್ಲ.

ಈ ಸೆನ್ಸರ್‌ಗಳ ಜೊತೆ ಮಾತಾಡಲು ಸರ್ವರ್‌ಗೆ ಸೊನಾಫ್ ಕಂಪನಿಯದಂಥ ಯುಎಸ್‌ಬಿ ಡಾಂಗಲ್ ಒಂದು ಬೇಕು. ಅದನ್ನು ಸರ್ವರ್‌ಗೆ ನೇರ ಚುಚ್ಚಬೇಡಿ. ಯುಎಸ್‌ಬಿ 3 ಪೋರ್ಟು 2.4 ಗಿಗಾಹರ್ಟ್ಸಿನಲ್ಲಿ ಗದ್ದಲ ಎಬ್ಬಿಸುತ್ತದೆ ಅಂತ ಇಂಟೆಲ್ 2012ರಲ್ಲೇ ಪ್ರಕಟಿಸಿತ್ತು. ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿ, ಡಾಂಗಲನ್ನು ಕಪಾಟಿನ ಮೇಲೆ ಎತ್ತರದಲ್ಲಿಡಿ. ‘ನನ್ನ ಜಿಗ್‌ಬೀ ಆಗಾಗ ಕೈಕೊಡುತ್ತದೆ’ ಎನ್ನುವವರ ದೂರುಗಳಲ್ಲಿ ಬಹುಪಾಲು ಈ ಅಗ್ಗದ ಕೇಬಲ್ಲಿನಲ್ಲೇ ತೀರುತ್ತವೆ. ರೂಟರ್‌ನ 2.4 ಗಿಗಾಹರ್ಟ್ಸ್ ವೈಫೈಯನ್ನು 1ನೇ ಚಾನೆಲ್‌ಗೆ ಕಟ್ಟಿ, ಜಿಗ್‌ಬೀಯನ್ನು 20 ಅಥವಾ 25ಕ್ಕೆ ಇಡಿ. ಇದನ್ನು ಮೊದಲೇ ತೀರ್ಮಾನಿಸಿ. ಆಮೇಲೆ ಬದಲಿಸಿದರೆ ಕೆಲವು ಸೆನ್ಸರ್‌ಗಳನ್ನು ಮತ್ತೆ ಜೋಡಿಸಬೇಕಾಗುತ್ತದೆ.

ಬ್ಯಾಟರಿಯ ಸೆನ್ಸರ್ ಇನ್ನೊಂದರ ಸಂದೇಶ ದಾಟಿಸುವುದಿಲ್ಲ. ಕರೆಂಟಿನಲ್ಲಿ ನಡೆಯುವ ಪ್ಲಗ್‌, ನ್ಯೂಟ್ರಲ್ ಇರುವ ರಿಲೇ (ಸಿಗ್ನಲ್ ಬಂದಾಗ ಆನ್, ಆಫ್ ಆಗುವ ಸ್ವಿಚ್) ಇವೇ ದಾಟಿಸುವವು. ಹಾಗಾಗಿ ಮೊದಲು ಎರಡು ಪ್ಲಗ್ ಜೋಡಿಸಿ, ನಂತರ ದೂರದ ಸೆನ್ಸರ್‌ಗಳನ್ನು.

6. ಸ್ವಿಚ್‌ಬೋರ್ಡ್

ಇಲ್ಲಿಂದ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಬೋರ್ಡ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ ಟೆಸ್ಟರ್ ಹಿಡಿದು ನೋಡಿ.

ಗೋಡೆಯ ಸ್ವಿಚ್ ಹಾಗೇ ಉಳಿಸಿ, ಅದರ ಹಿಂದೆ ರಿಲೇ ಮಾಡ್ಯೂಲ್ ಕೂರಿಸುವುದು ನಮ್ಮ ಮೊದಲ ಷರತ್ತಿಗೆ ಹೊಂದುವ ದಾರಿ. ಸ್ವಿಚ್ಚೂ ಕೆಲಸ ಮಾಡುತ್ತದೆ, ಫೋನೂ ಕೆಲಸ ಮಾಡುತ್ತದೆ. ಹಳೆಯ ಮನೆಗಳಲ್ಲಿ ತೊಡಕು ನ್ಯೂಟ್ರಲ್‌ದು. ಎಷ್ಟೋ ಬೋರ್ಡ್‌ಗಳಿಗೆ ಫೇಸ್ ಮಾತ್ರ ಇಳಿದಿರುತ್ತದೆ. ಬೋರ್ಡಿನಲ್ಲಿ ಸಾಕೆಟ್ ಇದ್ದರೆ ನ್ಯೂಟ್ರಲ್ ಅಲ್ಲೇ ಇದೆ ಅಂತ ಅರ್ಥ. ಇಲ್ಲದಿದ್ದರೆ ನ್ಯೂಟ್ರಲ್ ಬೇಡದ ಮಾಡ್ಯೂಲ್ ಸಿಗುತ್ತದೆ, ಆದರೆ ಚಿಕ್ಕ ಎಲ್‌ಇಡಿ ಬಲ್ಬು ಆಫ್ ಆಗಿದ್ದರೂ ಮಿಣುಕುವ ಕಾಟ ಇರಬಹುದು. ಬಿಎಲ್‌ಡಿಸಿ ಫ್ಯಾನ್ ಇದ್ದರೆ ಹಳೆಯ ರೆಗ್ಯುಲೇಟರನ್ನು ಬೋರ್ಡಿನಿಂದ ತೆಗೆಸಿ, ವೇಗವನ್ನು ಇನ್‌ಫ್ರಾರೆಡ್ ಬ್ಲಾಸ್ಟರ್‌ನಿಂದಲೋ ಫ್ಯಾನಿನ ವೈಫೈಯಿಂದಲೋ ನಡೆಸಿ.

ಗೀಸರ್‌ಗೆ ಸಾದಾ 10 ಆಂಪಿಯರ್ ಮಾಡ್ಯೂಲ್ ಹಾಕಲೇಬೇಡಿ. 3 ಕಿಲೊವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. 25 ಆಂಪಿಯರ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ರಿಲೇ) ಹಾಕಿಸಿ, ಸ್ಮಾರ್ಟ್ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ನಡೆಸಲಿ. ಅರ್ಧ ಗಂಟೆಯಾದರೆ ತಾನೇ ಆಫ್ ಆಗುವ ಒಂದೇ ಆಟೊಮೇಷನ್ ಈ ಇಡೀ ಖರ್ಚನ್ನು ಸಮರ್ಥಿಸುತ್ತದೆ.

7. ಸಂಪು, ಟ್ಯಾಂಕ್, ಮೋಟರ್

ಬೆಂಗಳೂರಿನ ಹಲವು ಬಡಾವಣೆಗಳಿಗೆ ಜಲಮಂಡಳಿ ನೀರು ದಿನ ಬಿಟ್ಟು ದಿನ ಬರುತ್ತದೆ. 2024ರ ಬೇಸಿಗೆ ನೋಡಿದವರಿಗೆ ಸಂಪಿನ ಮಟ್ಟ ಗೊತ್ತಿರುವುದರ ಬೆಲೆ ಹೇಳಬೇಕಿಲ್ಲ. ಮನೆ ಸರ್ವರ್‌ನಲ್ಲಿ ನಿಜವಾಗಿ ಉಪಯೋಗದ ಭಾಗ ಇದು, ಹಾಗಾಗಿ ಸಾವಕಾಶ ಮಾಡಿ.

ಮಟ್ಟ ಅಳೆಯಲು ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಬೋರ್ಡು ಮತ್ತು ನೀರು ತಾಗಿದರೂ ಕೆಡದ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ ಸಾಕು. ಇಎಸ್‌ಪಿಹೋಮ್ ಎಂಬ ತಂತ್ರಾಂಶ ಬಳಸಿದರೆ ಕೋಡ್ ಬರೆಯುವ ಗೋಜಿಲ್ಲ, ಹತ್ತಿಪ್ಪತ್ತು ಸಾಲಿನ ಸೆಟ್ಟಿಂಗ್ ಬರೆದರೆ ಅದೇ ಫರ್ಮ್‌ವೇರ್ ಕಟ್ಟುತ್ತದೆ. ಸೆನ್ಸರ್ 5 ವೋಲ್ಟಿನದು, ಇಎಸ್‌ಪಿ32 ಪಿನ್ನುಗಳು 3.3 ವೋಲ್ಟಿನವು. ಸೆನ್ಸರ್ ಅಳತೆ ಕಳಿಸುವ ಎಕೋ ತಂತಿಯನ್ನು ನೇರ ಕೊಡಬೇಡಿ. ಎಕೋದಿಂದ ಪಿನ್ನಿಗೆ 1 ಕಿಲೊ-ಓಮ್, ಪಿನ್ನಿನಿಂದ ಗ್ರೌಂಡಿಗೆ 2 ಕಿಲೊ-ಓಮ್ ರೆಸಿಸ್ಟರ್ ಹಾಕಿದರೆ ಸರಿಯಾಗಿ 3.3 ವೋಲ್ಟ್ ಬೀಳುತ್ತದೆ.

ಈ ಸೆನ್ಸರ್ ಮುಖದಿಂದ 20–25 ಸೆಂಟಿಮೀಟರ್ ಒಳಗಿನದನ್ನು ಕಾಣುವುದಿಲ್ಲ. ಮುಚ್ಚಳಕ್ಕೇ ಕೂರಿಸಿದರೆ ಟ್ಯಾಂಕ್ ತುಂಬುವ ಹೊತ್ತಿಗೆ ಸರಿಯಾಗಿ ಕುರುಡಾಗಿ ಸುಳ್ಳು ಅಂಕಿ ಕೊಡುತ್ತದೆ. ಮುಚ್ಚಳದಲ್ಲಿ ರಂಧ್ರ ಕೊರೆದು 4 ಇಂಚು ವ್ಯಾಸದ ಪಿವಿಸಿ ಪೈಪಿನ ತುಂಡನ್ನು ಮೇಲಕ್ಕೆ ನಿಲ್ಲಿಸಿ, ಅದರ ತಲೆಗೆ ಸೆನ್ಸರ್ ಕೂರಿಸಿ. ನೀರು ಬೀಳುವ ಒಳಹರಿವಿನ ಪೈಪಿನಿಂದ ದೂರ ಇರಲಿ. ಆವಿ ಹನಿಗಟ್ಟಿ ಒಮ್ಮೊಮ್ಮೆ ತಪ್ಪು ಅಂಕಿ ಬಂದೇ ಬರುತ್ತದೆ. ಇಎಸ್‌ಪಿಹೋಮ್‌ನಲ್ಲಿ ಮೀಡಿಯನ್ ಫಿಲ್ಟರ್ ಹಾಕಿದರೆ ಅವು ಸೋಸಿಹೋಗುತ್ತವೆ.

ತಾರಸಿಯಿಂದ ಸರ್ವರ್ ಕೋಣೆಗೆ ತಾಮ್ರದ ಕೇಬಲ್ ಎಳೆಯಬೇಡಿ. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ ಅದು ಸಿಡಿಲಿಗೆ ಹಾಕಿಕೊಟ್ಟ ಹಾದಿ. ವೈಫೈಯೇ ಇರಲಿ. ಆರ್‌ಸಿಸಿ ದಾಟಿ ಸಿಗ್ನಲ್ ಮೈನಸ್ 75 ಡಿಬಿಎಂಗಿಂತ ಕೆಳಗಿಳಿದರೆ ಹೊರ ಆಂಟೆನಾ ಇರುವ ಇಎಸ್‌ಪಿ32 ತಗೊಳ್ಳಿ.

ಇನ್ನು ಮೋಟರ್. 1 ಎಚ್‌ಪಿ ಮೋಟರ್ ಓಡುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಆಂಪಿಯರನ್ನು ಶುರುವಾಗುವ ಕ್ಷಣ ಎಳೆಯುತ್ತದೆ. ಚಿಕ್ಕ ರಿಲೇ ಆ ಹೊಡೆತಕ್ಕೆ ಅಂಟಿಕೊಂಡುಬಿಡುತ್ತದೆ. ಆಫ್ ಅಂತ ಫೋನಿನಲ್ಲಿ ಕಂಡರೂ ಮೋಟರ್ ಓಡುತ್ತಲೇ ಇರುತ್ತದೆ. ಇಲ್ಲೂ ಕಾಂಟ್ಯಾಕ್ಟರ್ ಕಡ್ಡಾಯ. ಜೊತೆಗೆ ‘ಆಟೊ–ಆಫ್–ಮ್ಯಾನುಯಲ್’ ಸೆಲೆಕ್ಟರ್ ಸ್ವಿಚ್ ಹಾಕಿಸಿ. ಸರ್ವರ್ ಸತ್ತ ದಿನ ಮ್ಯಾನುಯಲ್‌ಗೆ ತಿರುಗಿಸಿದರೆ ಹಳೆಯ ಕಾಲದ ಮೋಟರ್ ಆಯಿತು. ಬೋರ್‌ವೆಲ್‌ಗೆ ಸ್ಟಾರ್ಟ್, ಸ್ಟಾಪ್ ಗುಂಡಿಗಳ ಸ್ಟಾರ್ಟರ್ ಇದ್ದರೆ ವೈರಿಂಗ್ ಬೇರೆಯೇ, ಅದನ್ನು ಸ್ಟಾರ್ಟರ್ ಬಲ್ಲವರಿಗೇ ಬಿಡಿ.

ಆಟೊಮೇಷನ್ನಿನ ತಿರುಳು: ಟ್ಯಾಂಕ್ 30 ಶೇಕಡಾಕ್ಕಿಂತ ಕೆಳಗೆ, ಸಂಪು 20ಕ್ಕಿಂತ ಮೇಲೆ ಇದ್ದರೆ ಆನ್, ಟ್ಯಾಂಕ್ 90 ಮುಟ್ಟಿದರೆ ಅಥವಾ ಸಂಪು 10ಕ್ಕೆ ಇಳಿದರೆ ಆಫ್. ಇಷ್ಟು ಎಲ್ಲರೂ ಬರೆಯುತ್ತಾರೆ. ಮನೆ ಉಳಿಸುವುದು ಮುಂದಿನ ಸಾಲುಗಳು. ಮಟ್ಟದ ಸೆನ್ಸರ್ ‘ಅಲಭ್ಯ’ವಾದರೆ 90 ಎಂಬ ಅಂಕಿ ಎಂದೂ ಬರುವುದಿಲ್ಲ, ಮೋಟರ್ ನಿಲ್ಲುವುದಿಲ್ಲ. ಆದ್ದರಿಂದ ಅಲಭ್ಯವಾಗಿ 1 ನಿಮಿಷವಾದರೆ ಆಫ್ ಎಂಬ ಪ್ರತ್ಯೇಕ ನಿಯಮ ಬೇಕು. ‘25 ನಿಮಿಷವಾದರೆ ಆಫ್’ ಎಂಬ ಕಾವಲನ್ನು ಹೋಮ್ ಅಸಿಸ್ಟೆಂಟ್‌ನಲ್ಲಿ ಇಡಬೇಡಿ, ಅದು ನಡುವೆ ರೀಸ್ಟಾರ್ಟ್ ಆದರೆ ಕಾಯುತ್ತಿದ್ದ ಎಣಿಕೆ ಮಾಯ. ಮೋಟರ್ ಬಳಿಯ ಇಎಸ್‌ಪಿಯೊಳಗೇ ಬರೆಯಿರಿ. ಕರೆಂಟ್ ಹೋಗಿ ಬಂದಾಗ ರಿಲೇ ಯಾವಾಗಲೂ ಆಫ್ ಆಗಿಯೇ ಏಳುವಂತೆಯೂ ಅಲ್ಲೇ ಹೇಳಿ. ಇಎಸ್‌ಪಿಹೋಮ್ ಉಪಕರಣ ಹೋಮ್ ಅಸಿಸ್ಟೆಂಟ್ ಸಿಗದೆ 15 ನಿಮಿಷವಾದರೆ ತಾನೇ ರೀಬೂಟ್ ಆಗುತ್ತದೆ, ಅದು ಬೇಡವಾದರೆ ಆ ಅವಧಿಯನ್ನು ಸೊನ್ನೆ ಮಾಡಿ. ಪವರ್ ಅಳೆಯುವ ಮಾಡ್ಯೂಲ್ ಇದ್ದರೆ ಇನ್ನೊಂದು ಲಾಭ: ನೀರಿಲ್ಲದೆ ಒಣಗಾಗಿ ಓಡುವ ಮೋಟರ್ ಎಳೆಯುವ ವ್ಯಾಟ್ ಸ್ಪಷ್ಟವಾಗಿ ಕುಸಿಯುತ್ತದೆ. ನಿಮ್ಮ ಮೋಟರ್ ನೀರೆತ್ತುವಾಗಿನ ಅಂಕಿ ಬರೆದಿಟ್ಟುಕೊಂಡು, ಅದರ ಮುಕ್ಕಾಲಿಗಿಂತ ಕೆಳಗೆ ಬಂದರೆ ಆಫ್ ಎನ್ನಿ.

8. ಫೋಟೊಗಳು

2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ ಮುಗಿಯಿತು, 15 ಜಿಬಿಯಲ್ಲಿ ಮೇಲ್ ಕೂಡ ಸೇರಬೇಕು. ಇಮಿಚ್ ಎಂಬ ಫೋಟೊ ಸರ್ವರ್ ಅದರ ಬದಲಿ, ಬಳಸಲು ಹೆಚ್ಚೂಕಡಿಮೆ ಅದೇ ಥರ. ಡಾಕರ್ ಯಂತ್ರದಲ್ಲಿ ಅವರ ಕಾಂಪೋಸ್ ಕಡತವನ್ನೂ .env ಎಂಬ ಸೆಟ್ಟಿಂಗ್ ಕಡತವನ್ನೂ ಇಳಿಸಿ, ಎರಡನೆಯದರಲ್ಲಿ ಫೋಟೊ ಎಲ್ಲಿರಬೇಕು, ಡೇಟಾಬೇಸ್ ಎಲ್ಲಿರಬೇಕು ಎಂಬ ಎರಡು ಸಾಲು ತಿದ್ದಿ ಚಾಲೂ ಮಾಡಿ. ಫೋಟೊ ದೊಡ್ಡ ಹಾರ್ಡ್‌ಡಿಸ್ಕಿಗೆ, ಡೇಟಾಬೇಸ್ ಎಸ್‌ಎಸ್‌ಡಿಗೆ. 2283ನೇ ಪೋರ್ಟಿನಲ್ಲಿ ತೆರೆಯುತ್ತದೆ.

ಹಳೆಯ ಹಾರ್ಡ್‌ಡಿಸ್ಕಿನ ಮದುವೆ, ಗೃಹಪ್ರವೇಶದ ಫೋಲ್ಡರ್‌ಗಳನ್ನು ನಕಲಿಸದೆಯೇ ಎಕ್ಸ್‌ಟರ್ನಲ್ ಲೈಬ್ರರಿಯಾಗಿ ತೋರಿಸಬಹುದು. ಮುಖ ಗುರುತಿಸುವ ಕೆಲಸ ಮೊದಲ ಸಲ ಪ್ರೊಸೆಸರನ್ನು ಬೆವರಿಳಿಸುತ್ತದೆ, ರಾತ್ರಿ ಬಿಟ್ಟುಬಿಡಿ. ಹುಡುಕಾಟದ ಮೂಲ ಮಾದರಿ ಇಂಗ್ಲಿಷ್ ಪದಗಳಿಗೆ ಹೊಂದುವಂಥದ್ದು. ಬಹುಭಾಷಾ ಮಾದರಿಗಳೂ ಇವೆ, ಆದರೆ ಬದಲಿಸಿದರೆ ಎಲ್ಲ ಫೋಟೊಗಳ ಮೇಲೆ ಆ ಕೆಲಸ ಮತ್ತೆ ಓಡಿಸಬೇಕು.

ಸಿನಿಮಾ ತೋರಿಸುವ ಜೆಲ್ಲಿಫಿನ್, ಕ್ಯಾಮೆರಾ ನೋಡಿಕೊಳ್ಳುವ ಫ್ರಿಗೇಟ್ ಎಲ್ಲ ಆಮೇಲೆ ಬರಲಿ. ಜಾಹೀರಾತು ತಡೆಯುವ ಪೈ-ಹೋಲ್, ಆ್ಯಡ್‌ಗಾರ್ಡ್‌ ಮಾತ್ರ ನಾನು ಎಲ್ಲರಿಗೂ ಹೇಳುವುದಿಲ್ಲ. ಮನೆಯ ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರಿನಿಂದ ವಿಳಾಸ ಹುಡುಕುವ ಕೆಲಸ, ಈ ಸರ್ವರ್ ಮೇಲೆ ನಿಂತರೆ, ಅದು ಬಿದ್ದಾಗ ‘ನೆಟ್ ಹೋಯ್ತು’ ಎಂಬ ಕೂಗು ನಿಮ್ಮ ತಲೆಗೇ.

9. ಹೊರಗಿನಿಂದ ಮನೆಗೆ

ರೂಟರ್‌ನಲ್ಲಿ ಪೋರ್ಟ್ ತೆರೆಯಬೇಡಿ. ಎಷ್ಟೋ ಫೈಬರ್ ಸಂಪರ್ಕಗಳಲ್ಲಿ ಅದು ಆಗುವುದೂ ಇಲ್ಲ: ರೂಟರ್‌ನ ವ್ಯಾನ್ (ಹೊರಮುಖದ) ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ನೂರಾರು ಮನೆಗಳ ಜೊತೆ ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಂಡಿದ್ದೀರಿ.

ಹೊರಗಿರುವ ಫೋನನ್ನು ಮನೆಯ ನೆಟ್‌ವರ್ಕಿಗೆ ಸುರಕ್ಷಿತವಾಗಿ ಸೇರಿಸುವ ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಎಂಬ ವಿಪಿಎನ್ ಮೇಲೆ ನಡೆಯುತ್ತದೆ, ಮನೆ ಬಳಕೆಗೆ ಉಚಿತ. ಹೋಮ್ ಅಸಿಸ್ಟೆಂಟ್‌ನೊಳಗೇ ಸಿಗುತ್ತದೆ. ಟೇಲ್‌ಸ್ಕೇಲ್ ಪುಟದಲ್ಲಿ ಮನೆಯ 192.168.37 ಹಾದಿಗೆ ಒಪ್ಪಿಗೆ ಕೊಟ್ಟರೆ ಫೋಟೊ ಸರ್ವರ್ ಸಮೇತ ಎಲ್ಲವೂ ಸಿಗುತ್ತವೆ. ಡಲ್ಲಾಸ್‌ನಲ್ಲಿರುವ ಮಗಳು ಹಾಸನದ ಮನೆಯ ಫೋಟೊಗಳನ್ನು ಹೀಗೇ ನೋಡಬಹುದು. ಸರ್ವರ್‌ನ ಕೀ 180 ದಿನಕ್ಕೆ ಮುಗಿಯುವ ಸೆಟ್ಟಿಂಗನ್ನು ಈಗಲೇ ನಿಲ್ಲಿಸಿ, ಇಲ್ಲವಾದರೆ ಅದು ಮುಗಿಯುವುದು ನೀವು ಪ್ರವಾಸದಲ್ಲಿದ್ದಾಗಲೇ. ಕ್ಲೌಡ್‌ಫ್ಲೇರ್ ಟನಲ್ ಕೂಡ ದಾರಿಯೇ, ಆದರೆ ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿ ಮಿತಿ ಇರುವುದರಿಂದ ಇಮಿಚ್‌ಗೆ ದೊಡ್ಡ ವಿಡಿಯೊ ಏರುವುದಿಲ್ಲ.

10. ಬ್ಯಾಕಪ್

ಎರಡು ಡಿಸ್ಕಿನಲ್ಲೂ ಅದದನ್ನೇ ಒಟ್ಟಿಗೆ ಬರೆಯುವ ರೇಡ್ ಬ್ಯಾಕಪ್ ಅಲ್ಲ. ಅಳಿಸಿದ ಫೋಟೊ ಎರಡರಿಂದಲೂ ಒಟ್ಟಿಗೇ ಅಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ. ಹೊರಗಿನದಕ್ಕೆ ಊರಿನ ಮನೆಯೇ ಒಳ್ಳೆಯ ಜಾಗ. ಅಲ್ಲಿ ಒಂದು ಹಳೆಯ ಪೈ, ಅದಕ್ಕೊಂದು ಹಾರ್ಡ್‌ಡಿಸ್ಕ್, ಟೇಲ್‌ಸ್ಕೇಲ್ ಮೂಲಕ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ರಾತ್ರಿ ಹೊತ್ತು ಪ್ರತಿಯನ್ನು ಕಳಿಸಲಿ. ಇಮಿಚ್ ತನ್ನ ಡೇಟಾಬೇಸಿನ ಪ್ರತಿಯನ್ನು ಫೋಟೊ ಫೋಲ್ಡರಿನೊಳಗೇ ಇಡುತ್ತದೆ, ಹಾಗಾಗಿ ಇಡೀ ಫೋಲ್ಡರನ್ನು ಊರಿಗೆ ಕಳಿಸಿದರೆ ಎರಡನ್ನೂ ಕಳಿಸಿದಂತೆ. ಹೋಮ್ ಅಸಿಸ್ಟೆಂಟ್‌ನ ಸ್ವಯಂಚಾಲಿತ ಬ್ಯಾಕಪ್ ಬೀಗ ಹಾಕಿಯೇ ಬರುತ್ತದೆ. ಅದು ಕೊಡುವ ತುರ್ತು ಕೀಲಿಯನ್ನೂ ರೆಸ್ಟಿಕ್ ಪಾಸ್‌ವರ್ಡನ್ನೂ ಕಾಗದದ ಮೇಲೆ ಅಚ್ಚುಹಾಕಿ ಮನೆಪತ್ರಗಳ ಜೊತೆ ಇಡಿ. ಒಂದು ಫೋಲ್ಡರನ್ನು ವಾಪಸ್ ತೆಗೆದು ತೆರೆದು ನೋಡುವವರೆಗೆ ಬ್ಯಾಕಪ್ ಇದೆ ಅಂತ ಯಾರಿಗೂ ಹೇಳಬೇಡಿ.

11. ಮನೆಯವರಿಗೆ ಒಂದು ಚೀಟಿ, ನಿಮಗೊಂದು ನಿಯಮ

ಮೀಟರ್ ಬಾಕ್ಸಿನ ಬಾಗಿಲ ಒಳಗೆ ಚೀಟಿ ಅಂಟಿಸಿ: ಸರ್ವರ್‌ನ ಎಂಸಿಬಿ ಯಾವುದು, ಮೋಟರ್ ಸೆಲೆಕ್ಟರನ್ನು ಎತ್ತ ತಿರುಗಿಸಬೇಕು, ರೂಟರ್‌ನ ಯುಪಿಎಸ್ ಎಲ್ಲಿದೆ. ದೊಡ್ಡ ಅಕ್ಷರ, ಕನ್ನಡದಲ್ಲಿ, ನಾಲ್ಕೇ ಸಾಲು.

ಹೋಮ್ ಅಸಿಸ್ಟೆಂಟ್‌ನ ಹೊಸ ಆವೃತ್ತಿ ಸಾಮಾನ್ಯವಾಗಿ ತಿಂಗಳ ಮೊದಲ ಬುಧವಾರ ಬರುತ್ತದೆ. ಆ ದಿನವೇ ಹಾಕಬೇಡಿ. ಒಂದೆರಡು ತಿದ್ದುಪಡಿ ಬರುವವರೆಗೆ ಕಾಯಿರಿ, ಏನು ಮುರಿಯಲಿದೆ ಎಂಬ ಪಟ್ಟಿ ಓದಿ, ಪ್ರಾಕ್ಸ್‌ಮಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ (ಕೆಟ್ಟರೆ ಮರಳಲು ಈಗಿನ ಸ್ಥಿತಿಯ ಪ್ರತಿ) ತೆಗೆದು ಆಮೇಲೆ ಅಪ್‌ಡೇಟ್ ಒತ್ತಿ. ಮೋಟರ್ ಓಡುತ್ತಿರುವ ಹೊತ್ತಿನಲ್ಲಂತೂ ಖಂಡಿತ ಬೇಡ.